ಒಂಬತ್ತನೇ ನಂಬರಿನವನ ಚಿಂತೆ

ಚಿಂತೆಗಳಲ್ಲೂ ಮರ್ಯಾದೆ ಇರುವ ಚಿಂತೆ, ಮರ್ಯಾದೆ ಇಲ್ಲದ ಚಿಂತೆ ಅಂತ ಎರಡು ಜಾತಿ ಇವೆ ಎಂದು ತಿಳಿಯಲು ನನಗೆ ಐವತ್ತಮೂರು ವರ್ಷ ಬೇಕಾಯಿತು. ಮಂಡಿ ನೋವು ಅಂದು ನೋಡಿ, ಬಾಳ್ಳುಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದವರೂ ನಿಂತು ಎಣ್ಣೆಯ ಹೆಸರು ಹೇಳಿ ಹೋಗುತ್ತಾರೆ. ಕಾಫಿ ಗಿಡಕ್ಕೆ ಕಾಂಡಕೊರಕ ಬಿತ್ತು ಅನ್ನಿ, ದಾರಿಯಲ್ಲಿ ಹೋಗುವ ಲಾರಿ ಡ್ರೈವರ್ ಕೂಡ ಲೊಚಗುಟ್ಟುತ್ತಾನೆ. ಆದರೆ ‘ನಮ್ಮ ಫುಟ್‌ಬಾಲ್ ಟೀಮು ನಾಲ್ಕು ಮ್ಯಾಚಿನಿಂದ ಒಂದೂ ಗೋಲು ಹೊಡೆದಿಲ್ಲ, ಪ್ಲೇಆಫ್‌ನಲ್ಲಿ ಏನು ಗತಿಯೋ’ ಅಂತ ಹೇಳಿ ನೋಡಿ. ಎದುರಿಗಿದ್ದವರು ಮೊದಲು ನಿಮ್ಮ ಮುಖ ನೋಡುತ್ತಾರೆ. ಆಮೇಲೆ, ಮನೆಯಲ್ಲಿ ಎಲ್ಲ ಸೌಖ್ಯ ತಾನೆ ಅಂತ ಮೆಲ್ಲಗೆ ವಿಚಾರಿಸುತ್ತಾರೆ.

ಕುಂದೂರು ರಸ್ತೆಯ ಪಕ್ಕದ ಗುಡ್ಡದಲ್ಲಿ ನನ್ನದು ಆರು ಎಕರೆ ರೋಬಸ್ಟಾ ತೋಟ. ಈ ಸುತ್ತಿನಲ್ಲಿ ಕ್ರಿಕೆಟ್ಟಿಗೆ ಬೇಕಾದಷ್ಟು ಜನ ಇದ್ದಾರೆ, ಕಬಡ್ಡಿ, ವಾಲಿಬಾಲಿಗಂತೂ ಕೇಳುವುದೇ ಬೇಡ. ಫುಟ್‌ಬಾಲಿಗೆ ಮಾತ್ರ ನಾನೊಬ್ಬನೇ. ಮಂಗಳೂರಿನಲ್ಲಿ ಓದುವಾಗ ಹಾಸ್ಟೆಲ್ ಟೀಮಿಗೆ ಗೋಲ್‌ಕೀಪರ್ ಆಗಿದ್ದೆ. ದೊಡ್ಡಸ್ತಿಕೆ ಏನಿಲ್ಲ, ಓಡಲಾರದವನನ್ನು ನಿಲ್ಲಿಸಲು ಇದ್ದ ಜಾಗ ಅದೊಂದೇ. ಅಲ್ಲಿ ನಾನು ಬಿಟ್ಟುಕೊಟ್ಟ ಗೋಲುಗಳಲ್ಲಿ ಕಾಲು ಭಾಗವನ್ನು ಈಗಿನ ನಮ್ಮ ಟೀಮು ಹೊಡೆದಿದ್ದರೂ ಕಪ್ ನಮ್ಮದೇ ಆಗಿರುತ್ತಿತ್ತು. ಟೀಮಿನ ಹೆಸರು ಕೇಳಬೇಡಿ. ಪರೀಕ್ಷೆಯಲ್ಲಿ ನಪಾಸಾದ ಅಣ್ಣನ ಮಗನ ಹೆಸರನ್ನು ಮದುವೆ ಮನೆಯಲ್ಲಿ ಯಾರೂ ಎತ್ತುವುದಿಲ್ಲವಲ್ಲ, ಹಾಗೇ ಇದೂ.

ನನ್ನ ಹೆಂಡತಿ ಗಿರಿಜ ಒಂದು ದಿನ ಟಿ.ವಿ. ಮುಂದೆ ಹದಿನೈದು ನಿಮಿಷ ಕೂತಳು. ನನಗೆ ಸಂಭ್ರಮವೋ ಸಂಭ್ರಮ. ಆಫ್‌ಸೈಡ್ ಎಂದರೇನು ಅಂತ ಎರಡು ಲೋಟ, ಒಂದು ಚಮಚ ಇಟ್ಟು ವಿವರಿಸಿದೆ. ಎಲ್ಲ ಕೇಳಿ, “ಅಲ್ರೀ, ಅಷ್ಟಗಲದ ಬಾಗಿಲೊಳಗೆ ಹನ್ನೊಂದು ಜನ ಸೇರಿ ಒಂದು ಚೆಂಡು ಹಾಕಕ್ಕಾಗಲ್ವಾ? ನಮ್ಮ ಕರು ಕೂಡ ಸಂಜೆ ತಾನಾಗೇ ಕೊಟ್ಟಿಗೆಗೆ ಬತ್ತದೆ” ಅಂದು, ಚಮಚ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಅವಳು ಹೇಳಿದ್ದು ಸರಿಯೇ. ಅದಕ್ಕೇ ನನಗೆ ಅಷ್ಟು ಸಿಟ್ಟು ಬಂದದ್ದು.

ನಾನೊಬ್ಬನೇ ಅಂದೆನಲ್ಲ, ಅದು ಸ್ವಲ್ಪ ಸುಳ್ಳು. ಇನ್ನೊಬ್ಬನಿದ್ದ, ಶೇಖರಪ್ಪ. ಸ್ಕೂಲಿನಲ್ಲಿ ನನ್ನ ಜೊತೆಯವನು, ಈಗ ಆನೇಮಹಲ್ ಕಡೆಯ ದೊಡ್ಡ ಎಸ್ಟೇಟಿನಲ್ಲಿ ರೈಟರ್. ಬೆಳಗ್ಗೆ ಆಳುಗಳ ಹಾಜರಿ ಬರೆದು, ಕೆಲಸ ಹಂಚಿ, ಸಂಜೆಯವರೆಗೆ ಅವರ ಹಿಂದೆ ಓಡಾಡುವ ಕೆಲಸ. ಮ್ಯಾಚ್ ಇದ್ದ ದಿನ ಏಳಕ್ಕೆಲ್ಲ ಅವನ ಸ್ಕೂಟರಿನ ಸದ್ದು ನಮ್ಮ ಗೇಟಿನಲ್ಲಿ ಕೇಳುತ್ತಿತ್ತು. ಬೇಸಿಗೆಯಲ್ಲಿ ಇನ್ನೊಂದು ಉಪಕಾರವೂ ಆಗುತ್ತಿತ್ತು. ಫೆಬ್ರವರಿಯಲ್ಲಿ ಕಾಫಿ ಹೂವಾಗಲು ಸ್ಪ್ರಿಂಕ್ಲರ್‌ನಲ್ಲಿ ನೀರು ಹಾಯಿಸುತ್ತೇವೆ. ಮೂರು ನಾಲ್ಕು ಗಂಟೆಗೊಮ್ಮೆ ಪೈಪುಗಳನ್ನು ಎತ್ತಿ ಮುಂದಿನ ಸಾಲಿಗೆ ಹಾಕಬೇಕು, ಅದಕ್ಕೆ ಎರಡು ತುದಿಗೆ ಇಬ್ಬರು ಬೇಕು. ಆಳುಗಳು ನಾಲ್ಕೂವರೆಗೇ ಹೋಗಿರುತ್ತಾರೆ. ಹಾಗಾಗಿ ಹಾಫ್‌ಟೈಮ್ ಆಯಿತೆಂದರೆ ಶೇಖರಪ್ಪ ಪಂಚೆ ಎತ್ತಿ ಕಟ್ಟಿ, “ಏಳೋ, ಪೈಪ್ ಎತ್ತೋಣ” ಅನ್ನುತ್ತಿದ್ದ. ಕೆಸರಿನಲ್ಲಿ ಪೈಪು ಎಳೆಯುತ್ತಾ ನಾವು ಕೋಚಿಗೆ ಬೈದಷ್ಟು ಕೋಚಿನ ಹೆಂಡತಿಯೂ ಬೈದಿರಲಿಕ್ಕಿಲ್ಲ.

ಅಂಥವನ ಜೊತೆ ಜಗಳವಾಯಿತು. ಕಾರಣ ನಮ್ಮ ಟೀಮಿನ ಒಂಬತ್ತನೇ ನಂಬರಿನವನು, ಗೋಲು ಹೊಡೆಯಲೆಂದೇ ಮುಂದೆ ನಿಲ್ಲಿಸಿದ ಮಹಾಶಯ. ಎರಡನೇ ಮ್ಯಾಚೂ ಗೋಲಿಲ್ಲದೆ ಮುಗಿದಾಗ ಶೇಖರಪ್ಪ, “ಇವನ್ನ ಕೂರ್ಸಬೇಕು ಕಣೋ, ಬೆದರುಬೊಂಬೆ ನಿಂತಂಗೆ ನಿಂತವ್ನೆ” ಅಂದ. ಪಾಪ, ಅವನಿಗೆ ಹಿಂದಿನವರು ಚೆಂಡೇ ಕೊಡುವುದಿಲ್ಲ ಅಂತ ನಾನು. ಚೆಂಡು ಕೊಟ್ಟರೆ ಉಪ್ಪಿನಕಾಯಿ ಹಾಕ್ತಾನೆ ಅಂತ ಅವನು. ಮಾತಿಗೆ ಮಾತು ಬೆಳೆದು, ನನ್ನ ಬಾಯಿಗೆ ಬೆಂಕಿ ಹಾಕ, “ಆಳುಗಳ ಹಾಜರಿ ಬರ್ಕಂಡಿರೋನಿಗೆ ಫುಟ್‌ಬಾಲ್ ಏನ್ ಗೊತ್ತಾಗುತ್ತೆ?” ಅಂದುಬಿಟ್ಟೆ.

ಅವನು ಕಾಫಿಯನ್ನು ಪೂರ್ತಿ ಕುಡಿದ, ಲೋಟ ಕೆಳಗಿಟ್ಟ. “ಬತ್ತೀನಿ ಕಣಕ್ಕ” ಅಂತ ಗಿರಿಜಳಿಗೆ ಮಾತ್ರ ಹೇಳಿ ಹೊರಟುಹೋದ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಒಬ್ಬನೇ ಕೂತು ಮ್ಯಾಚ್ ನೋಡುವುದಿದೆಯಲ್ಲ, ಶತ್ರುವಿಗೂ ಬೇಡ. ‘ಅಯ್ಯೋ’ ಅಂದರೆ ‘ಥೂ ಇವನ’ ಅನ್ನಲು ಪಕ್ಕದಲ್ಲಿ ಒಂದು ಬಾಯಿ ಬೇಕು. ನನ್ನ ‘ಅಯ್ಯೋ’ಗೆ ಒಳಗಿನಿಂದ ಗಿರಿಜ, “ಏನ್ ಬಿತ್ತು?” ಅಂತ ಕೇಳುತ್ತಿದ್ದಳು. ಏನೂ ಬೀಳದಿರುವುದೇ ತೊಂದರೆ ಅಂತ ಅವಳಿಗೆ ಹೇಗೆ ಹೇಳಲಿ? ಎರಡು ಸಲ ಫೋನಿನಲ್ಲಿ ಅವನ ಹೆಸರಿನವರೆಗೆ ಹೋಗಿ ವಾಪಸ್ ಬಂದೆ. ಒಮ್ಮೆ ಆನೇಮಹಲಿನ ಟೀ ಅಂಗಡಿಯ ಎದುರಿಗೇ ಸಿಕ್ಕ. ನಾನು ಗೋಡೆಯ ಮೇಲಿದ್ದ ಗೊಬ್ಬರದ ಜಾಹೀರಾತು ಓದತೊಡಗಿದೆ, ಅವನು ತನ್ನ ಸ್ಕೂಟರಿನ ಟೈರು ಒತ್ತಿ ನೋಡತೊಡಗಿದ. ಆ ಜಾಹೀರಾತು ಈಗ ನನಗೆ ಬಾಯಿಪಾಠ.

ಲೀಗಿನ ಕೊನೆಯ ಮ್ಯಾಚಿನ ದಿನ ಕೆರೆಯ ನೀರಿನ ಸರದಿ ನನ್ನದಾಗಿತ್ತು. ಮೋಟರು, ಪೈಪು ನನಗೂ ಪಕ್ಕದ ತೋಟದ ರಂಗೇಗೌಡರಿಗೂ ಸೇರಿದ್ದು. ಮರುದಿನ ಬೆಳಗಾದರೆ ಅವರ ಪಾಳಿ. ಹಾಫ್‌ಟೈಮ್‌ನಲ್ಲಿ ಕೊನೆಯ ಬಾರಿ, ನಡುವೆ ಉಳಿದಿದ್ದ ಸಾಲುಗಳಿಗೆ ಪೈಪು ಬದಲಾಯಿಸಿದ್ದರೆ ತೋಟ ಪೂರ್ತಿ ನೆನೆಯುತ್ತಿತ್ತು. ಬದಲಾಯಿಸಲಿಲ್ಲ. ಮ್ಯಾಚು ಸೊನ್ನೆ-ಸೊನ್ನೆಯಲ್ಲಿ ಮುಗಿಯಿತು. ಬೇರೆ ಯಾರೋ ಸೋತ ಪುಣ್ಯಕ್ಕೆ ನಾವು ಪ್ಲೇಆಫ್‌ಗೆ ಹೋದೆವು. ಮದುವೆ ಗೊತ್ತಾಗಿದೆ, ಗಂಡಿಗೆ ಮಾತೇ ಬರುವುದಿಲ್ಲ ಅನ್ನುವಂಥ ಪರಿಸ್ಥಿತಿ. ಸಂತೋಷ ಹಂಚಿಕೊಳ್ಳಲೂ ಜನವಿಲ್ಲ, ಸಂಕಟಕ್ಕೂ ಇಲ್ಲ. ಮೋಟರ್ ಆಫ್ ಮಾಡಿ ಮಲಗಿದೆ.

ಒಂಬತ್ತು ದಿನಕ್ಕೆ ಗುಡ್ಡವೆಲ್ಲ ಹೂವಾಯಿತು. ನೀರು ಬಿದ್ದಲ್ಲೆಲ್ಲ ಬೆಳ್ಳಗೆ, ಬೀಳದ ಮೂರು ಸಾಲು ಮಾತ್ರ ಮೊಗ್ಗು ಕಚ್ಚಿಕೊಂಡು ಹಸಿರಾಗೇ ನಿಂತವು. ರಸ್ತೆಯಿಂದ ನೋಡಿದರೆ ತಪ್ಪಿಸಿಕೊಳ್ಳುವ ಹಾಗೇ ಇಲ್ಲ. “ಏನ್ ಗೌಡ್ರೆ, ನಡುಮಧ್ಯ ಬೈತಲೆ ತೆಗ್ದಂಗೈತಲ್ಲ!” ಅಂತ ಬಸ್ಸಿನಿಂದಲೇ ಒಬ್ಬರು ನನ್ನನ್ನು ನೋಡಿ ಕೂಗಿದರು. ಜನ ಬರತೊಡಗಿದರು. ರಂಗೇಗೌಡರು ಬಂದು, “ಮೋಟರ್ ಕೈ ಕೊಡ್ತಾ? ಬಿಡಿ, ಹೂಮಳೆ ಬಂದ್ರೆ ಅದೂ ಅರಳ್ತದೆ, ಯೋಚ್ನೆ ಮಾಡ್ಬ್ಯಾಡಿ” ಅಂದರು. ನಾನು ತಲೆತಗ್ಗಿಸಿ ಹ್ಞೂಂ ಅಂದೆ. ನಿಜ ಹೇಳುತ್ತೇನೆ, ಆ ಸಾಂತ್ವನವನ್ನೆಲ್ಲ ನಾನು ಗೋಲಿಲ್ಲದ ದುಃಖದ ಖಾತೆಗೇ ಹಾಕಿಕೊಂಡೆ. ಆದರೂ ಅದು ನಾಟಲಿಲ್ಲ. ಹಸಿದವನಿಗೆ ಬೇರೆಯವರ ಔಷಧಿ ಕುಡಿಸಿದ ಹಾಗಾಯಿತು.

ಮಾರನೇ ದಿನ ಸಂಜೆ ಗೇಟಿನಲ್ಲಿ ಸ್ಕೂಟರ್ ನಿಂತಿತು. ಶೇಖರಪ್ಪ ಒಳಗೆ ಬರಲಿಲ್ಲ, ಗುಡ್ಡ ನೋಡುತ್ತಾ ಅಲ್ಲೇ ನಿಂತಿದ್ದ. ನಾನು ಹತ್ತಿರ ಹೋದೆ.

“ಕೊನೇ ಮ್ಯಾಚಿನ ದಿನ ತಾನೆ?” ಅಂದ. ದಿನ ಎಣಿಸಿ ಹಾಜರಿ ಬರೆಯುವವನಿಗೆ ಹೂವು ನೋಡಿದರೆ ತಾರೀಕು ಗೊತ್ತಾಗದೆ ಇರುತ್ತದೆಯೇ?

“ಹ್ಞೂಂ ಕಣೋ.”

“ಪೈಪ್ ಎತ್ತಕ್ಕೆ ಏಳ್ಲಿಲ್ವಾ?”

“ಎದ್ದಿದ್ದೆ. ಆ ಕಡೆ ತುದಿ ಹಿಡ್ಯೋರು ಯಾರೂ ಇರ್ಲಿಲ್ಲ. ಮತ್ತೆ ಕೂತ್ಕಂಡೆ.”

ಅವನು ಸ್ಕೂಟರಿನ ಕೀಲಿಯನ್ನು ಕೈಯಲ್ಲಿ ತಿರುಗಿಸಿದ. “ನಾನೂ ಅವತ್ತು ಎಸ್ಟೇಟ್ ಸ್ಟೋರ್‌ನಲ್ಲಿ ಮೊಬೈಲ್ ಇಟ್ಕಂಡು ಒಬ್ನೇ ನೋಡ್ದೆ. ಬೈಯಕ್ಕೂ ಯಾರೂ ಗತಿಯಿಲ್ಲ ಮಾರಾಯ.”

ಹಾಜರಿಯ ಮಾತು ಆಡಬಾರದಿತ್ತು, ತಪ್ಪಾಯಿತು ಅಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು, ಹೋದ ಸ್ನೇಹ ವಾಪಸ್ ಬಂದ ಹುರುಪಿನಲ್ಲಿ, “ನೀನ್ ಹೇಳಿದ್ದೇ ಸರಿ. ಒಂಬತ್ತನೇ ನಂಬರ್‌ನ ಕೂರ್ಸಬೇಕು” ಅಂತಲೂ ಸೇರಿಸಿದೆ.

“ಛೆ ಛೆ, ನಾನೇ ದುಡುಕ್ಬುಟ್ಟೆ. ಪಾಪ, ಅವನಿಗೆ ಚೆಂಡೇ ಕೊಡಲ್ಲ ಅವರು.”

“ಕೊಟ್ಟಿದ್ರೆ ಏನ್ ಕಡಿದು ಗುಡ್ಡೆ ಹಾಕ್ತಿದ್ದ?”

“ಏನೋ ಹಿಂಗ್ ಮಾತಾಡ್ತಿಯ? ಕಣ್ಣು ಕಾಣಲ್ವೇನೋ ನಿಂಗೆ?”

ಐದು ನಿಮಿಷದಲ್ಲಿ ನಮ್ಮಿಬ್ಬರ ದನಿ ರಸ್ತೆಗೆ ಕೇಳುವಷ್ಟಾಯಿತು. ಗಿರಿಜ ಬಾಗಿಲಿಗೆ ಬಂದು, “ಶೇಖರಣ್ಣ, ಒಳಗ್ ಬಂದು ಜಗಳ ಆಡಿ, ಕಾಫಿ ಆರೋಗ್ತದೆ” ಅಂದಳು. ಬಂದ, ಕೂತ, ಒಂದಿಂಚೂ ಬಿಟ್ಟುಕೊಡಲಿಲ್ಲ. ನಾನೂ ಬಿಡಲಿಲ್ಲ.

ನಾಳಿದ್ದು ಪ್ಲೇಆಫ್. ಅವನು ಏಳಕ್ಕೇ ಬರುತ್ತಾನೆ. ಒಂಬತ್ತನೇ ನಂಬರಿನವನು ಕೈಲಾಗದವನು ಅನ್ನುವುದಕ್ಕೆ ನಾನು ಹನ್ನೆರಡು ಕಾರಣ ಸಿದ್ಧ ಮಾಡಿಟ್ಟುಕೊಂಡಿದ್ದೇನೆ. ಒಂದು ವೇಳೆ ಆ ಪುಣ್ಯಾತ್ಮ ನಾಳಿದ್ದೇ ಗೋಲು ಹೊಡೆದುಬಿಟ್ಟರೆ ಶೇಖರಪ್ಪನಿಗೆ ಮುಖ ತೋರಿಸುವುದು ಹೇಗೆ ಅನ್ನುವುದೇ ಈಗ ನನ್ನ ಚಿಂತೆ.