ಅಣ್ಣ ಹಿಡಿದ ನಾಡಿ

ಮಾತ್ರೆ ಚೆನ್ನಾಗಿ ಕೆಲಸ ಮಾಡಿದ್ದೇ ದರ್ಜಿಯ ತೊಂದರೆಗೆ ಮೂಲವಾಯಿತು.

ಯಾವುದೋ ಕೋಟಿನ ತೋಳು ಗಿಡ್ಡವಾದದ್ದಕ್ಕೆ ನೀನು ಕಾರಣ, ನಾನಲ್ಲ ಎಂದು ಜಗಳವಾಡಿ, ಎದುರಿಗೇ ಹೊಲಿಗೆ ಅಂಗಡಿ ಇಟ್ಟಿದ್ದ ಅವನ ಅಣ್ಣ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ತಮ್ಮನ ಎದೆಬಡಿತ ತಾಳ ತಪ್ಪಿ, ಹಗ್ಗ ಬಿಚ್ಚಿದ ಕರುವಿನಂತೆ ಎತ್ತೆತ್ತಲೋ ನೆಗೆಯತೊಡಗಿದ ಮೇಲೆ ಅಣ್ಣ ದಿನಾ ಬೆಳಿಗ್ಗೆ ರಸ್ತೆ ದಾಟಿ ಬರುತ್ತಿದ್ದ. ಮಣಿಕಟ್ಟು ಹಿಡಿದು, "ಇನ್ನೂ ಸರಿಹೋಗಿಲ್ಲ" ಎಂದು ಹೊರಟುಬಿಡುತ್ತಿದ್ದ. ಅಷ್ಟೇ. ಆ ಅಷ್ಟಕ್ಕಾಗಿ ತಮ್ಮ ಕಾಯುತ್ತಿದ್ದ.

ಆದರೆ ಮಾತ್ರೆ ಹಿಡಿದು ಎದೆ ಸುಮ್ಮನಾಗಿರುವುದು ತಮ್ಮನಿಗೆ ಗೊತ್ತಿತ್ತು. ಸಂಜೆ ಡಾಕ್ಟರು ಇಸಿಜಿ ತೆಗೆದು ಸರಿಹೋಯಿತು ಎಂದುಬಿಟ್ಟರೆ ಅಣ್ಣ ಇನ್ನೇಕೆ ಬಂದಾನು? ಬೆಳಗಿನ ಮಾತ್ರೆಯನ್ನು ಅವನು ಮೆಲ್ಲಗೆ ಗುಂಡಿಗಳ ಡಬ್ಬಿಗೆ ಜಾರಿಸಿದ.

ಅಂಗಿಗೆ ಗುಂಡಿ ಹಚ್ಚಲು ಕೂತ ಹೆಂಡತಿಯ ಕೈಗೆ ಅದೇ ಸಿಕ್ಕಿತು. "ಇದೇನ್ರೀ, ಈ ಗುಂಡೀಲಿ ತೂತೇ ಇಲ್ಲ?"

"ಮಾತ್ರೆ ನುಂಗೋಕೂ ಕಳ್ಳಾಟ ಆಡ್ತಾನಂತೆ," ಎಂದು ಪಕ್ಕದ ಮನೆಯ ಅಜ್ಜಿ ಬೀದಿಗೆಲ್ಲ ಹಂಚಿದಳು. ಇಸ್ತ್ರಿಯವನು ಬಂದು ದರ್ಜಿಯ ಎದೆಗೆ ಕಿವಿಯಿಟ್ಟ. "ಏನೂ ಕೇಳಿಸ್ತಿಲ್ಲ."

"ಆ ಕಿವಿ ನಿಂಗೆ ಯಾವತ್ತು ಕೇಳ್ಸಿದೆ? ಈ ಕಡೇದು ಇಡೋ," ಎಂದಳು ಅಜ್ಜಿ.

ಅಷ್ಟರಲ್ಲಿ 'ಏನೂ ಕೇಳಿಸ್ತಿಲ್ಲವಂತೆ' ಎಂಬ ಸುದ್ದಿ ರಸ್ತೆ ದಾಟಿತ್ತು. ಕೊರಳಲ್ಲಿ ಅಳತೆ ಟೇಪು ಜೋತಾಡಿಸುತ್ತ ಓಡಿಬಂದ ಅಣ್ಣ, ತಮ್ಮನನ್ನು ಬಟ್ಟೆಗಂಟಿನಂತೆ ಸ್ಕೂಟರಿನ ಮೇಲೆ ಹಾಕಿಕೊಂಡು ಆಸ್ಪತ್ರೆ ಮುಟ್ಟಿಸಿದ.

ಇಸಿಜಿಯ ಗೆರೆ ಹೊಸ ಮಷೀನಿನ ಹೊಲಿಗೆಯಷ್ಟು ಅಚ್ಚುಕಟ್ಟಾಗಿತ್ತು. "ಒಂದು ಹೊತ್ತು ತಪ್ಪಿದ್ದಕ್ಕೆ ಏನೂ ಆಗಿಲ್ಲ. ಇನ್ನು ತಪ್ಪಿಸಬೇಡಿ," ಎಂದರು ಡಾಕ್ಟರು. ದರ್ಜಿಯ ಮುಖ ಬಾಡಿತು.

ಅಣ್ಣ ಒಪ್ಪಲಿಲ್ಲ. ತಮ್ಮನ ಮಣಿಕಟ್ಟು ಹಿಡಿದು, "ಎಲ್ಲಿ ಸರಿ ಇದೆ ಡಾಕ್ಟ್ರೇ? ಒಂದು ಸಲ ನಿಲ್ಲುತ್ತೆ, ಆಮೇಲೆ ದಡದಡ ಓಡುತ್ತೆ," ಎಂದ.

ನನಗೋಸ್ಕರ ಅಣ್ಣ ಸುಳ್ಳು ಹೇಳುತ್ತಿದ್ದಾನೆ ಎಂದು ದರ್ಜಿಯ ಕಣ್ಣು ತುಂಬಿತು.

ನರ್ಸಮ್ಮ ಹತ್ತಿರ ಬಂದು ನೋಡಿದಳು. "ಹೆಬ್ಬೆರಳಲ್ಲಿ ಒತ್ತಿ ಹಿಡಿದ್ರೆ ನಿಮ್ಮ ನಾಡೀನೇ ನಿಮಗೆ ಸಿಗೋದು ಯಜಮಾನ್ರೇ."

ತಮ್ಮ ಎದ್ದ ಮಂಚದ ಮೇಲೆ ಅಣ್ಣನನ್ನು ಮಲಗಿಸಿದರು. ಅವನ ಇಸಿಜಿಯ ಗೆರೆ ಸಿಕ್ಕುಬಿದ್ದ ನೂಲುಂಡೆಯಂತೆ ಬಂತು. ಅಣ್ಣನನ್ನು ಅಲ್ಲೇ ಉಳಿಸಿಕೊಂಡು ಅವನಿಗೂ ಅದೇ ಮಾತ್ರೆ ಶುರು ಮಾಡಿದರು.

ಎದೆ ನೆಗೆಯುತ್ತಲೇ ಇರಲಿ ಎಂದು ತಾನು ಬೆಳಿಗ್ಗೆ ಬಯಸಿದ್ದು ಯಾರ ಎದೆಗೆ ತಗುಲಿತೋ ಎಂದುಕೊಂಡು ದರ್ಜಿ ಮಂಚದ ಪಕ್ಕ ಕೂತ. ನಾಲ್ಕು ಬೆರಳಿಟ್ಟು ಅಣ್ಣನ ಮಣಿಕಟ್ಟು ಹಿಡಿದ.

"ದಿನಾ ಬಂದು ನೋಡ್ತೀಯಾ?" ಅಣ್ಣ ಕೇಳಿದ.

"ಸರಿಹೋಗೋ ತನಕ ಬರ್ತೀನಿ ಅಣ್ಣ."

"ಈ ಮಾತ್ರೆ ಬೇಗ ಹಿಡಿಯುತ್ತೇನೋ?"

"ಹಿಡಿಯುತ್ತೆ."

"ಛೆ," ಎಂದು ಅಣ್ಣ ಗೋಡೆಯ ಕಡೆ ತಿರುಗಿದ.