ಹಂಪಕ್ಕನ ಎಡೆಗೆ ಒಂದು ಕೊರಮೀನು

ಎಲ್ಲದಕ್ಕೂ ಕಾರಣ ಒಂದು ರಬ್ಬರ್ ಕಪ್ಪೆ.

ಎರಡು ಸಾವಿರದ ಐದನೇ ಇಸವಿ. ಹರಪನಹಳ್ಳಿಯಲ್ಲಿ ಡ್ರಿಲ್ ಮಾಸ್ತರರಾಗಿದ್ದ ಗಂಗಾಧರ, ಎಲ್ಲಿಯೋ ನೀರಾಟದ ಪಂದ್ಯಗಳಲ್ಲಿ ಸವೆದು ಮೂಲೆಗೆ ಬಿದ್ದಿದ್ದ ಹಳದಿ ಪ್ಲಾಸ್ಟಿಕ್ ದೋಣಿಯೊಂದನ್ನು ತಂದು ತಮ್ಮೂರ ಕೆರೆಯ ದಂಡೆಯಲ್ಲಿ ಇಟ್ಟಿದ್ದರು. ಒಬ್ಬರೇ ಕಾಲು ಚಾಚಿ ಕೂರುವಂಥದು. ಕಯಾಕ್ ಎಂದು ಅದರ ಹೆಸರು. ಒಂದು ದಿನ ಜೋಳ ಬೀಸಿಸಲು ಹುಲುಗಪ್ಪನ ಗಿರಣಿಗೆ ಬಂದಾಗ ಅವರು ಜೇಬಿನಿಂದ ಮೆತ್ತನೆಯ ಕಪ್ಪೆಯೊಂದನ್ನು ತೆಗೆದು ತೋರಿಸಿದರು. ಗಾಳ ಅದರ ಬೆನ್ನಿಗೆ ಅಂಟಿಕೊಂಡಿತ್ತು. ಮೀನು ಕಚ್ಚಿ ಹಿಚುಕಿದಾಗಷ್ಟೇ ಗಾಳದ ಮೊನೆ ಮೇಲೇಳುತ್ತದೆಯಂತೆ.

"ಎರಿಹುಳ ಬ್ಯಾಡ, ಗೊಬ್ಬರ ಕೆದರೋದು ಬ್ಯಾಡ. ಕೊರಮೀನು ಇದನ್ನ ಕಂಡ್ರ ಬಿಡಂಗಿಲ್ಲ ನೋಡ್ರಿ," ಎಂದರು ಮಾಸ್ತರರು.

ಕೊರಮೀನು ಎಂಬ ಮಾತು ಕಿವಿಗೆ ಬಿದ್ದದ್ದೇ ಹುಲುಗಪ್ಪ ಗಿರಣಿಯನ್ನೇ ನಿಲ್ಲಿಸಿಬಿಟ್ಟ.

ಮದುವೆಯಾದ ಹೊಸದರಲ್ಲಿ ಅವನ ಹೆಂಡತಿ ಹಂಪಕ್ಕ ತವರಿನ ಕೊರಮೀನಿನ ಸಾರನ್ನು ನೆನೆದು ಬಾಯಿ ಚಪ್ಪರಿಸಿದ್ದಳು. "ನಾನ ಹಿಡಕೊಂಡು ಬರ್ತೀನಿ ತಗಾ," ಎಂದು ಅಂದೇ ಮಾತು ಕೊಟ್ಟಿದ್ದ. ಆಮೇಲೆ ಇಪ್ಪತ್ತಾರು ವರ್ಷ ಗಾಳ ಹಾಕಿಕೊಂಡು ಕೆರೆಯ ದಂಡೆಯಲ್ಲಿ ಕೂತರೂ ಏಡಿ, ಹಳೆಯ ಚಪ್ಪಲಿ ಮತ್ತು ಶೀತ ಬಿಟ್ಟು ಬೇರೇನೂ ಸಿಕ್ಕಿರಲಿಲ್ಲ. ಕೊರಮೀನುಗಳೆಲ್ಲ ನಡುಗೆರೆಯ ತಾವರೆ ಎಲೆಗಳ ಕೆಳಗೆ ತಣ್ಣಗೆ ಇದ್ದವು. ಹಂಪಕ್ಕ ಹೋದ ಕಾರ್ತೀಕದಲ್ಲಿ ತೀರಿಕೊಂಡಳು. ಈಗ ಮಾರ್ನಮಿ ಅಮಾವಾಸ್ಯೆ ಬಂದಿತ್ತು. ಹಿರಿಯರಿಗೆ ಎಡೆ ಇಡುವ ದಿನ. ಸತ್ತವರು ಇಷ್ಟಪಟ್ಟದ್ದನ್ನು ಎಡೆಗೆ ಬಡಿಸಬೇಕು. ಮೊದಲ ಎಡೆಯಲ್ಲಾದರೂ ಆ ಮಾತು ನಡೆಯಬೇಕೆಂದು ಹುಲುಗಪ್ಪ ಮನಸ್ಸಿನಲ್ಲೇ ಶಪಥ ಮಾಡಿ, ಮಾಸ್ತರರ ದೋಣಿಯನ್ನೂ ಕಪ್ಪೆಯನ್ನೂ ಒಂದು ದಿನಕ್ಕೆ ಕೇಳಿಕೊಂಡ.

ಅಡುಗೆಗೆಂದು ಅವನ ಅಕ್ಕ ಪಾಲಮ್ಮ ತೆಲಿಗಿಯಿಂದ ಬಂದಿದ್ದಳು. "ವೀಳ್ಯದೆಲಿ ತರಾಕ ಹೊಂಟೀನಕ್ಕ. ಎಲಿ ನಡುವ ಒಂದಿಷ್ಟು ಜಾಗ ಬಿಟ್ಟಿರು," ಎಂದು ಹೇಳಿ, ಮುಂದಿನ ಪ್ರಶ್ನೆ ಬರುವ ಮೊದಲೇ ಬೆಳಿಗ್ಗೆ ಮನೆ ಬಿಟ್ಟ.

ಕೆರೆಯ ಬಳಿ ಗುಟ್ಟು ಉಳಿಯಲಿಲ್ಲ. ಪಕ್ಕದ ಮನೆಯ ಚೌಡಣ್ಣ ಬೇವಿನ ಕಡ್ಡಿ ಜಗಿಯುತ್ತ ಬಂದ. ಬಟ್ಟೆ ಒಗೆಯುತ್ತಿದ್ದ ಎರ್ರೆಮ್ಮ ಎದ್ದು ನಿಂತಳು.

"ಇದೇನಲೇ ಹುಲುಗಪ್ಪ, ಬಾಳಿಹಣ್ಣಿನ ಸಿಪ್ಪಿ ಮ್ಯಾಲೆ ಕುಂತು ಎಲ್ಲಿಗೆ ಹೊಂಟಿ?" ಎಂದ ಚೌಡಣ್ಣ.

"ಪೂಜಿ ಮಾಡದಲೇ ಇಳೀಬ್ಯಾಡಪ್ಪ. ಇವತ್ತು ಅಮಾಸಿ!" ಎಂದಳು ಎರ್ರೆಮ್ಮ.

ದೋಣಿಗೆ ವಿಭೂತಿ ಬಳಿದು, ಕಾಯಿ ಒಡೆದದ್ದಾಯಿತು. ಗಾಡಿಯಾದರೆ ಗಾಲಿಯ ಕೆಳಗೆ ನಿಂಬೆಹಣ್ಣು ಇಡಬಹುದು. ದೋಣಿಗೆ ಗಾಲಿಯಿಲ್ಲ. ಚೌಡಣ್ಣ ಬಹಳ ಹೊತ್ತು ಯೋಚಿಸಿ, ನಾಲ್ಕು ನಿಂಬೆಹಣ್ಣುಗಳನ್ನು ಅದರ ಹೊಟ್ಟೆಯ ಕೆಳಗೆ ಸಾಲಾಗಿ ಇಟ್ಟ. ಮಾಸ್ತರರು ತಳ್ಳಿದ್ದೇ ತಡ, ದೋಣಿ ನಿಂಬೆಹಣ್ಣುಗಳ ಮೇಲೆ ಉರುಳಿ, ಕಟ್ಟು ಬಿಚ್ಚಿದ ಹೋರಿಯಂತೆ ನೀರಿಗೆ ನುಗ್ಗಿತು. ಊಟಕ್ಕೆ ಕೂತಂತೆ ಚಕ್ಕಳಮಕ್ಕಳ ಹಾಕಿಕೊಂಡಿದ್ದ ಹುಲುಗಪ್ಪ ಮೊದಲು ಮುಳುಗಿದ. ದೋಣಿ ಆಮೇಲೆ ಮಗುಚಿತು.

"ಕಾಲು ಚಾಚ್ರಿ! ಕಾಲು!" ಮಾಸ್ತರರು ಸೀಟಿ ಊದಿದರು.

ಎರಡನೆಯ ಸಲ ಕಾಲು ಚಾಚಿ ಕೂತ. ಆದರೆ ಹುಟ್ಟಿಗೆ ಎರಡೂ ತುದಿಯಲ್ಲಿ ಅಲಗು. ಹುಟ್ಟಿದಾಗಿನಿಂದ ಹರಿಗೋಲನ್ನಷ್ಟೇ ಕಂಡಿದ್ದ ಹುಲುಗಪ್ಪ ಒಂದೇ ಕಡೆ ಎಳೆದ. ದೋಣಿ ಅವನ ಗಿರಣಿಯ ಕಲ್ಲಿನಂತೆ ನಿಂತಲ್ಲೇ ತಿರುಗತೊಡಗಿತು.

"ಹಿಟ್ಟು ಸಣ್ಣಗ ಬರ್ಲೆಪೋ!" ದಂಡೆಯಿಂದ ಚೌಡಣ್ಣ ಕೂಗಿದ.

ಆ ಸಿಟ್ಟಿನಲ್ಲಿ ಹುಲುಗಪ್ಪ ಬೀಸಿದ ಮೊದಲ ಗಾಳ ಹಿಂದಕ್ಕೆ ಹಾರಿ ಚೌಡಣ್ಣನ ರುಮಾಲನ್ನು ಕಚ್ಚಿತು. ಹದಿನೈದು ಮೊಳದ ರುಮಾಲು ಸುರುಳಿ ಬಿಚ್ಚುತ್ತ ಕೆರೆಗಿಳಿಯಿತು. ಚೌಡಣ್ಣನ ಬೋಳುತಲೆಯನ್ನು ಎರ್ರೆಮ್ಮ ಅಂದೇ ಮೊದಲು ನೋಡಿದ್ದು. ಆಕೆ ಒಗೆಯುವ ಬಟ್ಟೆಯಲ್ಲೇ ಮುಖ ಮುಚ್ಚಿಕೊಂಡು ನಕ್ಕಳು.

ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಅವನಿಗೆ ಎಡಕ್ಕೊಂದು ಬಲಕ್ಕೊಂದು ಹುಟ್ಟು ಹಾಕುವುದು ಬಂತು. ತಾವರೆ ಎಲೆಗಳ ಆಚೆಗೆ ಕಪ್ಪೆಯನ್ನು ಎಸೆದು ಮೆಲ್ಲಗೆ ಎಳೆಯುತ್ತ, ನಡುನಡುವೆ ನಿಲ್ಲಿಸುತ್ತ ಕೂತ. ಅಲ್ಲಿ ಯಾರ ಮಾತೂ ಕೇಳುತ್ತಿರಲಿಲ್ಲ. ಹಂಪಕ್ಕ ಇದ್ದಿದ್ದರೆ ದಂಡೆಯಲ್ಲಿ ನಿಂತು, "ಸಾಕು ಬರ್ರಿ, ಉಣ್ಣಾಕ ಹೊತ್ತಾತು," ಎನ್ನುತ್ತಿದ್ದಳು. ಹುಲುಗಪ್ಪ ಒಮ್ಮೆ ಹಿಂತಿರುಗಿಯೂ ನೋಡಿದ. ದಂಡೆಯ ಮೇಲೆ ರುಮಾಲು ಒಣಗುತ್ತಿತ್ತು.

ಆಗ ನೀರು ಸಿಡಿಯಿತು. ಕಪ್ಪೆ ಮಾಯವಾಯಿತು.

ಮೀನು ಕಚ್ಚಿದೊಡನೆ ಎಳೆಯದೆ ಮೂರು ಎಣಿಸಬೇಕೆಂದು ಮಾಸ್ತರರು ಹೇಳಿದ್ದರು. ಹುಲುಗಪ್ಪನಿಗೆ ಅಂಕಿಗಳು ಮರೆತುಹೋದವು. "ಊರಮ್ಮಾ, ಹುಲಿಗೆಮ್ಮಾ, ಹಂಪೀ," ಎಂದು ಎಣಿಸಿ ಎಳೆದ. ದೋಣಿಯನ್ನೇ ಇಪ್ಪತ್ತು ಮಾರು ಜಗ್ಗಿದ ಮೇಲೆ ಅದು ಮೇಲೆ ಬಂತು. ಮೊಳದುದ್ದದ, ಹಾವಿನ ತಲೆಯ ಕೊರಮೀನು!

ದಂಡೆಯ ಮೇಲೆ ಎಲ್ಲರ ಮಾತೂ ಬದಲಾಯಿತು. "ನಾ ಮೊದಲ ಹೇಳಿದ್ದೆ, ನಿಂಬಿಹಣ್ಣಿನ ಶಕ್ತಿ," ಎಂದ ಚೌಡಣ್ಣ. ಹಸಿ ಗೋಣಿಚೀಲದಲ್ಲಿ ಒದೆಯುತ್ತಿದ್ದ ಮೀನನ್ನು ಎದೆಗವಚಿಕೊಂಡು ಹುಲುಗಪ್ಪ ಮನೆಗೆ ಓಡಿದ. ಸಾರಿನಲ್ಲಿ ತಮಗೂ ಪಾಲಿದೆಯೆಂಬಂತೆ ಉಳಿದವರು ಹಿಂದೆ ಓಡಿದರು.

ಹಂಪಕ್ಕನ ಹೆಸರಿಗೆ ಇಟ್ಟ ಹೊಸ ಸೀರೆಯ ಮುಂದೆ ಬಾಳೆಲೆ ಹಾಸಿ ಪಾಲಮ್ಮ ಎಡೆ ಬಡಿಸುತ್ತಿದ್ದಳು. ಚೀಲದ ಬಾಯಿ ಬಿಚ್ಚಿದ್ದನ್ನು ಕಂಡು ಅವಳ ಕೈಯ ಸೌಟು ಕೆಳಗೆ ಬಿತ್ತು.

"ಹೊರಗ ಒಯ್ಯೋ ಅದನ್ನ! ಹೊಸ್ತಿಲ ದಾಟಿಸಬ್ಯಾಡ!"

"ಯಾಕಕ್ಕ? ಆಕಿಗೆ ಇಷ್ಟಾಗಿದ್ದು..."

"ನಿನಗ ಕಾಮಾಲಿ ಆಗಿ ಡಾಕ್ಟ್ರು ಕೈ ಬಿಟ್ಟಿದ್ರಲ್ಲ, ಮದುವಿ ಆದ ಮರುವರ್ಷ? ಆವಾಗ ಆಕಿ ಊರಮ್ಮನ ಮುಂದ ನಿಂತು ಕೊರಮೀನು ತಿನ್ನೋದು ಬಿಟ್ಲು. ಗಂಡ ಉಳದ್ರ ಅದನ್ನ ಮುಟ್ಟಂಗಿಲ್ಲ, ನನ್ನ ಒಲಿ ಮ್ಯಾಲೆ ಏರ್ಸಂಗಿಲ್ಲ ಅಂತ ಹರಕಿ ಹೊತ್ಲು. ಗಂಡಗ ಹೇಳಿದ್ರ ಫಲ ಹೋಗ್ತೈತಿ ಅಂತ ನಿನಗ ಹೇಳಲಿಲ್ಲ. ನೀನು ಬರಿಗೈಲೆ ಬಂದಾಗೆಲ್ಲ ಊರಮ್ಮನ ದೀಪಕ್ಕ ಎಣ್ಣಿ ಹಾಕಿ ಬರ್ತಿದ್ಲು."

ಹುಲುಗಪ್ಪ ಹೊಸ್ತಿಲ ಹೊರಗೆ ಹಾಗೇ ಕೂತುಬಿಟ್ಟ. ಚೌಡಣ್ಣ ಮಾತ್ರ ಆಸೆ ಬಿಡಲಿಲ್ಲ.

"ಪಾಲಕ್ಕ, ಹರಕಿ ಜೀವ ಇರೋತನಕ ಅಲ್ಲೇನು? ಈಗ ಹಂಪಕ್ಕ ಹೋಗ್ಯಾಳ. ಹರಕಿ ಮುಗೀತು. ಕೊಯ್ಯೋಣ?"

"ಆಕಿ ಜೀವ ಅಲ್ಲೋ. ಇವನ ಜೀವ ಇರೋತನಕ."

ಚೌಡಣ್ಣ ಹುಲುಗಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಸದ್ಯಕ್ಕೆ ಭರವಸೆಯಿಲ್ಲವೆಂದು ಕಂಡಿರಬೇಕು. ನಿಟ್ಟುಸಿರುಬಿಟ್ಟು ಮನೆಯ ಕಡೆ ನಡೆದ.

"ಇದನ್ನ ತಿರುಗಿ ಕೆರಿಗೆ ಬಿಟ್ಟು ಬರ್ರಿ," ಎಂದು ಹುಲುಗಪ್ಪ ಚೀಲವನ್ನು ಮಾಸ್ತರರ ಕೈಗಿತ್ತ. ಆಮೇಲೆ ಕೈಕಾಲು ತೊಳೆದು ಒಳಗೆ ಬಂದು ಎಡೆಯ ಮುಂದೆ ಕೂತ. ಎಲೆಯ ನಡುವೆ ಅಂಗೈಯಗಲದ ಜಾಗ ಖಾಲಿಯಿತ್ತು.

"ಹೋಗ್ಲಿ ಅಕ್ಕ. ಅದನ್ನ ಬಿಟ್ಲು ಅಂತಿ. ಮತ್ತ ಆಕಿಗೆ ಏನು ಸೇರ್ತಿತ್ತು? ಹೇಳು, ಅದನ್ನ ಇಡೋಣ."

ಪಾಲಮ್ಮ ಬಾಯಿ ತೆರೆದಳು. ಒಲೆಯ ಮೇಲಿನ ಒಂದೊಂದೇ ಪಾತ್ರೆಯನ್ನು ನೋಡಿದಳು. ಬಾಗಿಲಲ್ಲಿ ನಿಂತಿದ್ದ ಎರ್ರೆಮ್ಮನ ಮುಖ ನೋಡಿದಳು.

"ಆಕಿ ಎಲ್ಲಾರಿಗೂ ನೀಡೋದನ್ನ ನೋಡೀನಿ ತಮ್ಮಾ," ಎಂದಳು ಪಾಲಮ್ಮ ಕೊನೆಗೆ. "ಉಣ್ಣೋದನ್ನ ಒಂದಿನಾನೂ ಕುಂತು ನೋಡಿಲ್ಲ."