ಕೋಟೆ ಗೋಡೆ ಕಾಣೆಯಾದ ದಿನ

ನಮ್ಮೂರ ಕೋಟೆ ಗೋಡೆಯನ್ನು ಸರ್ಕಾರದ ಸಂರಕ್ಷಿತ ಪಟ್ಟಿಗೆ ಸೇರಿಸದಿದ್ದರೆ ನನ್ನ ಹೆಸರೇ ಮತ್ಯಾಕುಬ್ ಅಲ್ಲ ಎಂದು ಈ ವಸಂತದಲ್ಲಿ ಚಹಾದಂಗಡಿಯ ಮಂಚದ ಮೇಲೆ ನಿಂತು ಘೋಷಿಸಿದ್ದೆ! ಖೋರೆಜ್ಮಿನ ಮರಳುಗಾಡಿನ ಅಂಚಿನ ಆ ನಲವತ್ತು ಹೆಜ್ಜೆ ಮಣ್ಣಿನ ಗೋಡೆಗೆ ಇತಿಹಾಸದ ಮೇಷ್ಟ್ರಾದ ನಾನು ಇಪ್ಪತ್ತು ವರ್ಷ ಸವೆಸಿದ್ದೇನೆ. ಅದರ ಸುತ್ತ ಒಂದು ಸುತ್ತು ನಡೆಸದೆ ಒಬ್ಬ ನೆಂಟನನ್ನೂ ನಾನು ಊಟಕ್ಕೆ ಕೂರಿಸಿದವನಲ್ಲ. ನಮ್ಮ ಬೀಗರಂತೂ ಮನೆಗೆ ಬರುವಾಗ ಹಳೇ ಬೂಟು ಹಾಕಿಕೊಂಡೇ ಬರುತ್ತಾರೆ.

ಮೂರು ವಾರದ ತರಬೇತಿಗೆಂದು ಉರ್ಗೆಂಚ್‌ಗೆ ಹೋಗಿದ್ದಾಗ ತಾಷ್ಕೆಂಟಿನ ಪುರಾತತ್ವ ಇಲಾಖೆಯ ಪತ್ರ ಕೈಸೇರಿತು. ಗೋಡೆಯ ಪರೀಕ್ಷೆಗೆ ಪ್ರೊಫೆಸರ್ ಸನೋಬರ್ ಬರುತ್ತಾರೆ. ಅವರು ಒಪ್ಪಿದರೆ ಗೋಡೆ ಉಳಿಯಿತು. ಇಲ್ಲವೆಂದರೆ ಅಲ್ಲಿ ಹತ್ತಿ ಗೋದಾಮು! ತರಬೇತಿ ಮುಗಿದ ದಿನ ಅಲ್ಲಿಂದಲೇ ನಾನೇ ಅವರನ್ನು ಕಾರಿನಲ್ಲಿ ಕರೆತಂದೆ. ದಾರಿಯುದ್ದಕ್ಕೂ ಗೋಡೆಯ ಗುಣಗಾನ. ಕಾರಿನಿಂದಿಳಿದು, ಕೈ ಚಾಚಿ, "ನೋಡಿ ಮೇಡಂ!" ಎಂದೆ.

ನೋಡಲು ಒಂದು ಗುಂಡಿ ಇತ್ತು.

"ಗೋಡೆ ಎಲ್ಲಿ ಮೇಷ್ಟ್ರೇ?"

ದಂಡು ದಾಳಿಗಳಿಗೆ ಜಗ್ಗದ ಗೋಡೆ ಎದ್ದು ನಡೆದುಕೊಂಡು ಹೋಯಿತೇ! "ಮೊದಲು... ಮನೆಗೆ ಹೋಗಿ ಚಹಾ ಕುಡಿಯೋಣ" ಎಂದು ತೊದಲಿದೆ.

ಅಂಗಳದಲ್ಲಿ ನನ್ನ ಹೆಂಡತಿ ಅನಾಜಾನ್ ಹೊಚ್ಚ ಹೊಸ ತಂದೂರಿನಿಂದ ಬಿಸಿಬಿಸಿ ರೊಟ್ಟಿ ತೆಗೆಯುತ್ತಿದ್ದಳು.

"ಅನಾಜಾನ್, ಗೋಡೆ ಎಲ್ಲೇ?"

"ಬಂದ್ರಾ? ನೋಡ್ರೀ, ಎಷ್ಟು ಚೆನ್ನಾಗಿ ಬಂದಿದೆ! ಒಂದೇ ಒಂದು ಬಿರುಕಿಲ್ಲ!"

"ಗೋಡೆ ಕೇಳಿದ್ರೆ ತಂದೂರು ತೋರಿಸ್ತೀಯಲ್ಲೇ!"

"ಎರಡೂ ಒಂದೇ ಕಣ್ರೀ! ಓಣಿಯೋರೆಲ್ಲ ಸೇರಿ ಹಶರ್ ಮಾಡಿದ್ವಿ. ಕೂಲಿಯಿಲ್ಲದ ಕೆಲಸ ಅಂದ್ರೆ ಯಾರಾದ್ರೂ ಹಿಂದೆ ಬೀಳ್ತಾರಾ? ಗಂಡಸರು ಗೋಡೆ ಅಗೆದ್ರು, ನಾವು ಆ ಮಣ್ಣಿಗೆ ಆಡಿನ ಕೂದಲು ಹಾಕಿ ತುಳಿದ್ವಿ. ಒಂದೇ ದಿನಕ್ಕೆ ಹನ್ನೊಂದು ಮನೆ ತಂದೂರಿಗೆ ಸಾಕಾಗೋಷ್ಟು ಮಣ್ಣಾಯ್ತು!"

"ಅಯ್ಯೋ, ಯಾರೇ ಈ ಬುದ್ಧಿ ಹೇಳಿಕೊಟ್ಟಿದ್ದು?"

ಅನಾಜಾನ್ ಸೊಂಟದ ಮೇಲೆ ಕೈಯಿಟ್ಟಳು. "ನೀವೇ! ಪಕ್ಕದ್ಮನೆ ಬಿಬಿಜಾನಕ್ಕನ ಮಗಳ ಮದುವೇಲಿ ಹೇಳ್ಲಿಲ್ವಾ, 'ಈ ಮಣ್ಣು ಸಾವಿರ ವರ್ಷ ಬಿಸಿಲು, ಹಿಮ ತಡ್ಕೊಂಡಿದೆ, ನಿಮ್ಮ ತಂದೂರು ಮೂರು ಚಳಿಗಾಲ ತಡಿಯಲ್ಲ' ಅಂತ? ಇಪ್ಪತ್ತು ವರ್ಷದಲ್ಲಿ ನಿಮ್ಮ ಭಾಷಣ ನಾವು ಕಿವಿಗೊಟ್ಟು ಕೇಳಿದ್ದೇ ಅವತ್ತೊಂದು ದಿನ!"

ನಾಚಿಕೆ ಬಿಟ್ಟು ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು. ಪ್ರೊಫೆಸರ್ ಮಾತ್ರ ಒಂದು ತುಂಡು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡು, ಅಳತೆ ಟೇಪು ಹಿಡಿದು ಮನೆಮನೆಗೆ ಹೊರಟರು. ಪೊಲೀಸರನ್ನೇ ಕರೆತರುತ್ತಾರೆಂದು ನಾನು ಬಾಗಿಲನ್ನೇ ನೋಡುತ್ತಾ ಕುಳಿತೆ. ಒಂದು ಗಂಟೆಯ ನಂತರ ಬಂದು ಹೇಳಿದರು: "ಮೇಷ್ಟ್ರೇ, ಸ್ಮಾರಕ ನಾಶ ಆಗಿಲ್ಲ, ಜಾಗ ಬದಲಾಯಿಸಿದೆ ಅಷ್ಟೇ. ತಂದೂರಿನ ಮೈಯಲ್ಲಿ ಹಳೇ ಮಡಕೆ ಚೂರು ಹಾಗೇ ಇವೆ! ಹನ್ನೊಂದನ್ನೂ ಪಟ್ಟಿಗೆ ಸೇರಿಸ್ತೀನಿ."

"ಗೆದ್ದೆ!" ಎಂದು ಎಗರಿದೆ.

"ಆದ್ರೆ ಇನ್ಮೇಲೆ ಇವುಗಳಲ್ಲಿ ಬೆಂಕಿ ಹಾಕೋ ಹಾಗಿಲ್ಲ."

ಎಗರಿದವನು ನೆಲಕ್ಕಿಳಿಯುವಷ್ಟರಲ್ಲಿ ಹನ್ನೊಂದು ಮನೆಯ ಹೆಂಗಸರೂ ನಮ್ಮ ಅಂಗಳದಲ್ಲಿದ್ದರು! ಅವರು ನನಗೆ ಏನೇನು ಅಂದರೆಂಬುದನ್ನು ಬರೆಯಲಾರೆ. ಒಟ್ಟಿನಲ್ಲಿ ತೀರ್ಪಾಯಿತು. ಈಗ ದಿನಾ ಬೆಳಗ್ಗೆ ಸೈಕಲ್ಲಿಗೆ ಬುಟ್ಟಿ ಕಟ್ಟಿಕೊಂಡು, ಪೇಟೆಯ ಅಂಗಡಿಯಿಂದ ಹನ್ನೊಂದು ಮನೆಗೂ ರೊಟ್ಟಿ ತಂದುಕೊಡುವುದು ನನ್ನ ಕೆಲಸ.

ನಿನ್ನೆ ಬಿಬಿಜಾನಕ್ಕನ ಬಾಗಿಲಲ್ಲಿ ರೊಟ್ಟಿ ಕೊಡುತ್ತಾ, ನಾಲಿಗೆ ತಡೆಯದೆ, "ಅಕ್ಕಾ, ಈ ಅಂಗಡಿಯ ಒಲೆ ಎಷ್ಟು ಹಳೇದು ಗೊತ್ತಾ..." ಎಂದು ಶುರುಮಾಡಿದೆ.

ಬಿಬಿಜಾನಕ್ಕ ಥಟ್ಟನೆ ನನ್ನ ಬಾಯಿ ಮುಚ್ಚಿದಳು. "ಮೇಷ್ಟ್ರೇ, ಕೈಮುಗೀತೀನಿ, ಸುಮ್ನಿರಿ! ಅದನ್ನೂ ಪಟ್ಟಿಗೆ ಸೇರಿಸಿದ್ರೆ ಊರಿಗೂರೇ ಉಪವಾಸ ಬೀಳುತ್ತೆ!"